ಕತ್ತಿಯ ಕತೆಯಲ್ಲಿ ಕಮ್ಮಾರ ಎಲ್ಲಿದ್ದಾನೆ?

ಸರ್ ವಾಲ್ಟರ್ ಸ್ಕಾಟ್ 1825ರಲ್ಲಿ ಪ್ರಕಟಿಸಿದ 'ದಿ ತಾಲಿಸ್ಮನ್' ಕಾದಂಬರಿಯ ಕೊನೆಯ ಭಾಗದಲ್ಲಿ ಒಂದು ಪ್ರಸಿದ್ಧ ದೃಶ್ಯವಿದೆ. ಇಂಗ್ಲೆಂಡಿನ ದೊರೆ ರಿಚರ್ಡ್ ಮತ್ತು ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿ ಒಂದೇ ಡೇರೆಯೊಳಗೆ ಎದುರಾಗುತ್ತಾರೆ. ರಿಚರ್ಡ್ ತನ್ನ ಭಾರಿ ಕತ್ತಿಯನ್ನು ಎರಡೂ ಕೈಯಲ್ಲೆತ್ತಿ ಉಕ್ಕಿನ ಗದೆಯ ಹಿಡಿಯನ್ನು ಒಂದೇ ಏಟಿಗೆ ತುಂಡು ಮಾಡುತ್ತಾನೆ. ಸಲಾಹುದ್ದೀನ್ ತನ್ನ ಬಾಗಿದ ಕತ್ತಿಯಿಂದ ರೇಷ್ಮೆಯ ದಿಂಬೊಂದನ್ನು ಸದ್ದಿಲ್ಲದೆ ಸೀಳುತ್ತಾನೆ. ಬಳಿಕ ತೆಳುವಾದ ಪರದೆಯನ್ನು ಗಾಳಿಯಲ್ಲೇ ಎರಡಾಗಿಸುತ್ತಾನೆ. ಇಂಗ್ಲಿಷ್ ಓದುವ ಜಗತ್ತಿಗೆ 'ಡಮಾಸ್ಕಸ್ ಕತ್ತಿ' ಎಂಬ ಕಲ್ಪನೆಯನ್ನು ಕೊಟ್ಟದ್ದು ಬಹುಮಟ್ಟಿಗೆ ಈ ಎರಡು ಪುಟಗಳೇ. ಇವತ್ತಿಗೂ ಚಾಕು ಮಾರುವವರು, ಸಾಕ್ಷ್ಯಚಿತ್ರ ಮಾಡುವವರು ಗಾಳಿಯಲ್ಲಿ ತೇಲುವ ಬಟ್ಟೆ ಕತ್ತರಿಸಿ ತೋರಿಸುತ್ತಾರೆ. ಸ್ಕಾಟ್‌ನನ್ನು ಓದದವರ ಕೈಯಲ್ಲೂ ಸ್ಕಾಟ್‌ನ ಕತ್ತಿಯೇ ಇದೆ.

ಚರಿತ್ರೆಯಲ್ಲಿ ಈ ಇಬ್ಬರು ಮುಖಾಮುಖಿಯಾದದ್ದೇ ಇಲ್ಲ. 1192ರ ಒಪ್ಪಂದ ಕೂಡ ದೂತರ ಮೂಲಕ ನಡೆಯಿತು. ಆ ಕಾಲದ ಅಯ್ಯೂಬಿ ಸೈನ್ಯದಲ್ಲಿ ನೇರವಾದ ಕತ್ತಿಯೇ ಹೆಚ್ಚು ಬಳಕೆಯಲ್ಲಿತ್ತು. ಸ್ಕಾಟ್ ಬಣ್ಣಿಸುವ, ಮಂಕಾದ ನೀಲಿ ಮೈಯ ಮೇಲೆ ಲೆಕ್ಕವಿಲ್ಲದಷ್ಟು ಅಂಕುಡೊಂಕು ಗೆರೆಗಳಿರುವ ಬಾಗಿದ ಕತ್ತಿ ಅವನ ಕಾಲದ ಸಂಗ್ರಹಕಾರರ ಗೋಡೆಗಳ ಮೇಲೆ ತೂಗುತ್ತಿದ್ದ ಪರ್ಶಿಯನ್ ಶಂಶೀರ್. ಸಲಾಹುದ್ದೀನನಿಗಿಂತ ಹಲವು ನೂರು ವರ್ಷ ಚಿಕ್ಕದು. ಕಾದಂಬರಿಕಾರನಿಗೆ ಇಷ್ಟು ಸ್ವಾತಂತ್ರ್ಯ ಇರಲಿ ಎಂದು ಕತೆ ಬರೆಯುವ ನಾವು ಒಪ್ಪಬಲ್ಲೆವು. ನಮ್ಮ ತಕರಾರು ಬೇರೆ. ಈ ದೃಶ್ಯದಲ್ಲಿ ಪಶ್ಚಿಮ ಎಂದರೆ ತೋಳಿನ ಬಲ, ಪೂರ್ವ ಎಂದರೆ ನಾಜೂಕು ಮತ್ತು ಸ್ವಲ್ಪ ಮಾಟ. ರಿಚರ್ಡನ ಕತ್ತಿಯ ಶಕ್ತಿ ಅವನ ಭುಜದಲ್ಲಿದೆ. ಸಲಾಹುದ್ದೀನನ ಕತ್ತಿಯ ಶಕ್ತಿ ಎಲ್ಲಿದೆ ಎಂಬುದು ನೋಡುವವರಿಗೆ ಗೊತ್ತಾಗುವುದಿಲ್ಲ, ಆದ್ದರಿಂದ ಅದು ಜಾದೂ. ಕತ್ತಿಯೊಂದನ್ನು ಯಾರೋ ಕಾಯಿಸಿ ಬಡಿದು ಮಾಡಿದ್ದಾರೆ, ಅವನ ಬೆವರು ಇದರಲ್ಲಿದೆ ಎಂಬ ಅರಿವು ಇಡೀ ಡೇರೆಯಲ್ಲಿ ಒಬ್ಬರಿಗೂ ಇಲ್ಲ. ದುಡಿಮೆಯನ್ನು ಅಳಿಸಿದ ಜಾಗದಲ್ಲಿ ಮಾಟ ಬಂದು ಕೂರುತ್ತದೆ.

ಉರ್ದು ಶಾಲೆಯಲ್ಲಿ ಕಲಿತು ಕನ್ನಡಕ್ಕೆ ಬಂದ ನಮ್ಮಂಥವರಿಗೆ ಸ್ಕಾಟ್ ಇನ್ನೊಂದು ಬಾಗಿಲಿನಿಂದಲೂ ಬಂದಿದ್ದಾನೆ. ಲಖನೌದ ಅಬ್ದುಲ್ ಹಲೀಮ್ ಶರರ್ 'ದಿ ತಾಲಿಸ್ಮನ್' ಓದಿ, ಅದು ಮುಸ್ಲಿಮರನ್ನು ಚಿತ್ರಿಸಿದ ರೀತಿಗೆ ಸಿಟ್ಟುಗೊಂಡು, ಉತ್ತರವೆಂಬಂತೆ 1888ರಲ್ಲಿ 'ಮಲಿಕುಲ್ ಅಜೀಜ್ ವರ್ಜಿನಾ' ಬರೆದರು. ಉರ್ದುವಿನ ಐತಿಹಾಸಿಕ ಕಾದಂಬರಿ ಶುರುವಾಗುವುದೇ ಇಲ್ಲಿಂದ ಎನ್ನುತ್ತಾರೆ. ಆಮೇಲೆ ಬಂದ ನಸೀಮ್ ಹಿಜಾಜಿಯ ಕಾದಂಬರಿಗಳು ನಮ್ಮ ಕಡೆಯ ಉರ್ದು ಮನೆಗಳಲ್ಲೂ ಹರಿದು ಚಿಂದಿಯಾಗುವಷ್ಟು ಓದಿಸಿಕೊಂಡವು. ಟೀಪುವಿನ ಕಾಲದ ಮೈಸೂರನ್ನು ಕುರಿತ ಅವರ ಕಾದಂಬರಿಯ ಹೆಸರೇ 'ಔರ್ ತಲ್ವಾರ್ ಟೂಟ್ ಗಯೀ' - ಮತ್ತು ಕತ್ತಿ ಮುರಿಯಿತು. ಇಂಗ್ಲಿಷಿನಲ್ಲಿ ಭಗವಾನ್ ಗಿದ್ವಾನಿ 1976ರಲ್ಲಿ ಬರೆದದ್ದಕ್ಕೂ ಕತ್ತಿಯದೇ ಹೆಸರು, ಅದನ್ನಾಧರಿಸಿದ ಟೀವಿ ಧಾರಾವಾಹಿಗೂ ಅದೇ. ಆ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ 1989ರ ಫೆಬ್ರುವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋಗೆ ಬೆಂಕಿ ಬಿದ್ದು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಕತ್ತಿಯ ಹೆಸರು ನಾಡಿಗೆಲ್ಲ ನೆನಪಿದೆ, ಅಂದು ಸುಟ್ಟುಹೋದವರ ಹೆಸರು ಎಷ್ಟು ಮಂದಿಗೆ ನೆನಪಿದೆ?

ಶರರ್ ಸ್ಕಾಟ್‌ಗೆ ಉತ್ತರ ಕೊಟ್ಟರು ನಿಜ. ಆದರೆ ಉತ್ತರ ಕೊಡುವವರು ಪ್ರಶ್ನೆ ಕೇಳಿದವನ ಭಾಷೆಯಲ್ಲೇ ಮಾತಾಡಬೇಕಾಗುತ್ತದೆ. ಅವನ ವೀರನಿಗೆ ಎದುರಾಗಿ ನಮ್ಮ ವೀರ, ಅವನ ಸುಂದರಿಗೆ ಎದುರಾಗಿ ನಮ್ಮ ಶೀಲ, ಅವನ ಕತ್ತಿಗೆ ಎದುರಾಗಿ ನಮ್ಮ ಕತ್ತಿ. ಈ ಪರಂಪರೆಯ ಕಾದಂಬರಿಗಳಲ್ಲಿ ಕುದುರೆಗಳಿವೆ, ಕೋಟೆಗಳಿವೆ, ಪತ್ರ ಒಯ್ಯುವ ಗುಲಾಮರಿದ್ದಾರೆ. ಒಬ್ಬ ಕಮ್ಮಾರನ ಮುಖ ನಮ್ಮ ಮನಸ್ಸಿನಲ್ಲಿ ಉಳಿದಿಲ್ಲ. ವಿಪರ್ಯಾಸವೆಂದರೆ ಆ ಮುಖವನ್ನು ಹುಡುಕಬೇಕಾದವರಿಗೆ ಬೇಕಾದ ಸಾಮಗ್ರಿಯೆಲ್ಲ ಅರಬಿ ಗ್ರಂಥಗಳಲ್ಲಿ, ಉರ್ದುವಿನ ದಿನಬಳಕೆಯ ಮಾತುಗಳಲ್ಲಿ ಮತ್ತು ಕನ್ನಡದ ಒಂದು ಪದದಲ್ಲಿ ಮೊದಲಿನಿಂದ ಇತ್ತು.

ಮಾತುಗಳನ್ನೇ ಮೊದಲು ನೋಡೋಣ. ಕತ್ತಿಯ ಮೈಮೇಲೆ ನೀರಿನ ಅಲೆಯಂತೆ ಕಾಣುವ ಗೆರೆಗಳಿಗೆ ಫಾರಸಿ-ಉರ್ದುವಿನಲ್ಲಿ 'ಜೌಹರ್' ಎನ್ನುತ್ತಾರೆ. ಜೌಹರ್ ಎಂದರೆ ರತ್ನ, ಸತ್ವ, ಒಳಗಿನ ಗುಣ. ತತ್ವಶಾಸ್ತ್ರದಲ್ಲಿ ಅದೇ ಪದಕ್ಕೆ ಮೂಲದ್ರವ್ಯ ಎಂಬರ್ಥ. ಗಾಲಿಬ್‌ನಲ್ಲಿ ಕತ್ತಿಗೂ ಜೌಹರ್ ಇದೆ, ಕನ್ನಡಿಗೂ ಇದೆ. ಕನ್ನಡಿಗೆ ಹೇಗೆ ಎಂದು ಇಂದಿನ ವಿದ್ಯಾರ್ಥಿ ತಬ್ಬಿಬ್ಬಾಗುತ್ತಾನೆ. ಹಳೆಯ ಕನ್ನಡಿ ಗಾಜಿನದಲ್ಲ, ಉಜ್ಜಿ ಹೊಳಪಿಸಿದ ಉಕ್ಕಿನದು ಎಂದು ಹೇಳಿದರೆ ರೂಪಕ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಾಗೆಯೇ 'ಆಬ್': ನೀರು, ಹೊಳಪು, ಕತ್ತಿಯ ಹರಿತ ಮೂರೂ ಅದೇ. ಅರಬಿಯಲ್ಲಿ ಒಳ್ಳೆಯ ಕತ್ತಿಗೆ 'ಮುಹನ್ನದ್' ಎಂಬ ಹೆಸರಿದೆ, ಅಂದರೆ ಹಿಂದ್‌ನದು, ಹಿಂದ್‌ನ ಬಗೆಯಲ್ಲಿ ಮಾಡಿದ್ದು. ಇಸ್ಲಾಂ ಬರುವ ಮೊದಲಿನ ಅರಬ್ ಕವಿಗಳಿಗೂ ಹಿಂದ್‌ನ ಕತ್ತಿ ಗೊತ್ತಿತ್ತು. ಮದರಸಗಳಲ್ಲಿ, ಕಾಲೇಜುಗಳಲ್ಲಿ ಈ ಕಾವ್ಯವನ್ನೆಲ್ಲ ಅಲಂಕಾರವೆಂದು ಕಲಿಸುತ್ತಾರೆ. ಅದು ವ್ಯಾಪಾರದ ದಾಖಲೆಯೂ ಹೌದು ಎಂಬುದನ್ನು ಯಾರೂ ಹೇಳುವುದಿಲ್ಲ.

ಅಲ್-ಕಿಂದಿ ಎಂದರೆ ನಮಗೆ ಯವನ ತತ್ವಶಾಸ್ತ್ರವನ್ನು ಅರಬಿಗೆ ಒಗ್ಗಿಸಿದ ದಾರ್ಶನಿಕ. ಆತ 9ನೇ ಶತಮಾನದ ಮೊದಲರ್ಧದಲ್ಲಿ ಅಬ್ಬಾಸಿ ಖಲೀಫ ಮುಅ್‌ತಸಿಮ್‌ಗಾಗಿ ಕತ್ತಿಗಳ ಬಗೆಗಳ ಮೇಲೆ ಒಂದು ಕಿರು ಗ್ರಂಥ ಬರೆದಿದ್ದಾನೆ. ರಾಬರ್ಟ್ ಹಾಯ್‌ಲ್ಯಾಂಡ್ ಮತ್ತು ಬ್ರಯನ್ ಗಿಲ್‌ಮೋರ್ ಅದನ್ನು 2006ರಲ್ಲಿ ಇಂಗ್ಲಿಷ್ ಅನುವಾದ, ಟಿಪ್ಪಣಿಗಳೊಡನೆ ಹೊರತಂದರು. ಒಬ್ಬ ಭಾಷಾವಿದ್ವಾಂಸ, ಒಬ್ಬ ಲೋಹತಜ್ಞ - ಜೋಡಿಯೇ ಚೆನ್ನಾಗಿದೆ. ಈ ಪುಸ್ತಕ ಓದುವಾಗ ನಮ್ಮನ್ನು ಹಿಡಿದು ನಿಲ್ಲಿಸುವುದು ಕಿಂದಿಯ ಧಾಟಿ. ವೀರರ ಹೆಸರಿಲ್ಲ, ಯುದ್ಧದ ಬಣ್ಣನೆಯಿಲ್ಲ. ಗಣಿಯಿಂದ ಬಂದ ಕಬ್ಬಿಣ ಯಾವುದು, ಮನುಷ್ಯ ಮಾಡಿಕೊಂಡ ಫೌಲಾದ್ ಯಾವುದು. ಗಣಿಯದರಲ್ಲಿ ಗಡಸಾದ 'ಶಾಬುರ್ಕಾನ್', ಮೆದುವಾದ 'ನರ್ಮಾಹನ್'. ಯಾವ ಕತ್ತಿಗೆ ಎಷ್ಟು ಅಗಲ, ಎಂಥ ಗೆರೆ, ನೆಲದ ಬಣ್ಣ ಯಾವುದು. ಅಂಗಡಿಯಲ್ಲಿ ಕತ್ತಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುವವನ ಕಣ್ಣು ಅದು. ಯಮನಿನ ಕತ್ತಿ, ಹಿಂದ್‌ನ ಕತ್ತಿ, ಸರಂದೀಪದ ಕತ್ತಿ - ಸರಂದೀಪ ಎಂದರೆ ಸಿಂಹಳ - ಹೀಗೆ ಊರೂರಿನ ಲೆಕ್ಕ. ಡಮಾಸ್ಕಸ್‌ನ ಕತ್ತಿಗಳೂ ಪಟ್ಟಿಯಲ್ಲಿವೆ, ಆದರೆ ಈ ಗೆರೆಯ ಸೊಬಗಿಗೆ ಆ ಊರಿನ ಹೆಸರನ್ನು ಆತ ಇಡುವುದಿಲ್ಲ. ಗೆರೆಗೆ ಡಮಾಸ್ಕಸ್ ಎಂಬ ಹೆಸರು ಅಂಟಿಸಿದವರು ಯುರೋಪಿನವರು. ಊರಿನ ಪೇಟೆಯಲ್ಲಿ ಕೊಂಡದ್ದರಿಂದ ಅಂಟಿತೋ, ನೀರು ಎಂಬರ್ಥದ ಅರಬಿ ಮಾತಿನಿಂದ ಬಂತೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಕಿಂದಿಯ ಗ್ರಂಥದಲ್ಲಿ ಇಂದಿನ ಓದುಗನಿಗೆ ಅತಿ ಮುಖ್ಯವಾದ ಮಾತು ಫ್ರಾಂಕರ ಕತ್ತಿಗಳ ಕುರಿತದ್ದು. ಅವರ ಕತ್ತಿಗಳಲ್ಲೂ ಗೆರೆಗಳಿವೆ ಎಂದು ಆತ ಬಲ್ಲ. ಆದರೆ ಅವು ಗಡಸು, ಮೆದು ಕಬ್ಬಿಣಗಳನ್ನು ಕೂಡಿಸಿ ಬೆಸೆದದ್ದರಿಂದ ಬಂದವು. ಫೌಲಾದಿನ ಗೆರೆಯೇ ಬೇರೆ ಎಂದು ಎರಡನ್ನೂ ಬೇರೆ ಬೇರೆ ಇಡುತ್ತಾನೆ. ಸಾವಿರದ ಇನ್ನೂರು ವರ್ಷದ ಹಿಂದಿನ ಈ ವಿಂಗಡಣೆಯನ್ನು ಇಂದಿನ ಚಾಕು ಮಾರುಕಟ್ಟೆ ಕಲಸಿಹಾಕಿದೆ. ಅದಕ್ಕೆ ಮುಂದೆ ಬರೋಣ.

ಈಗ ಕನ್ನಡದ ಪದ. ಮುಂಬಯಿಯಿಂದ ಡಾ. ಹೆಲೆನಸ್ ಸ್ಕಾಟ್ ಎಂಬಾತ ಲಂಡನ್ನಿಗೆ ಉಕ್ಕಿನ ತುಂಡುಗಳನ್ನು ಕಳುಹಿಸಿದ. ಜಾರ್ಜ್ ಪಿಯರ್ಸನ್ ಅವುಗಳನ್ನು ಪರೀಕ್ಷಿಸಿ 1795ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ಅಲ್ಲಿ ಅಚ್ಚಾದ ಹೆಸರು 'ವೂಟ್ಜ್'. ಇದು ನಮ್ಮ 'ಉಕ್ಕು' ಎಂಬುದರ ಅಪಭ್ರಂಶ ಎಂಬ ಊಹೆಯನ್ನು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ತೆಲುಗಿನಲ್ಲೂ ಉಕ್ಕು ಉಕ್ಕೇ ಆದ್ದರಿಂದ ಒಡೆತನದ ಜಗಳ ಬೇಡ. ಹಾಲು ಉಕ್ಕುವುದಕ್ಕೂ ಲೋಹದ ಉಕ್ಕಿಗೂ ಕನ್ನಡದಲ್ಲಿ ಒಂದೇ ಸದ್ದಿರುವುದು, ಮೂಸೆಯೊಳಗೆ ಕಬ್ಬಿಣ ಕರಗಿ ಕುದಿಯುವುದನ್ನು ನೆನೆದರೆ, ಕತೆಗಾರರಿಗೆ ಖುಷಿ ಕೊಡುವ ಸಂಗತಿ. ಭಾಷಾವಿಜ್ಞಾನಿಗಳು ಏನೇ ಹೇಳಲಿ. ಈ ಉಕ್ಕಿನ ಬಗ್ಗೆ ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಶ್ರೀನಿವಾಸ ರಂಗನಾಥನ್ 2004ರಲ್ಲಿ ಇಂಗ್ಲಿಷಿನಲ್ಲಿ ಒಂದು ಒಳ್ಳೆಯ ಪುಸ್ತಕ ತಂದರು. ಅದರ ಸಾರವಾದರೂ ಕನ್ನಡ ಪಠ್ಯಪುಸ್ತಕಗಳಿಗೆ ಇಳಿಯಬೇಕಿತ್ತು.

ಮಾಡುವ ಬಗೆ ಕೇಳಲು ಸರಳ. ಮೆದು ಕಬ್ಬಿಣದ ಚೂರುಗಳನ್ನು ಬತ್ತದ ಹೊಟ್ಟು ಕಲಸಿದ ಮಣ್ಣಿನ ಚಿಕ್ಕ ಮೂಸೆಯೊಳಗೆ ಹಾಕುತ್ತಾರೆ. ಜೊತೆಗೆ ತಂಗಡಿ ಗಿಡದ ಒಣ ಕಡ್ಡಿ, ಮೇಲೆ ಎಕ್ಕದ ಎಲೆಯಂಥ ಹಸಿ ಸೊಪ್ಪು. ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಾರೆ. ಇಂಥ ಹತ್ತಾರು ಮೂಸೆಗಳನ್ನು ಕುಲುಮೆಯಲ್ಲಿ ಒಟ್ಟಿ ಗಂಟೆಗಟ್ಟಲೆ ತಿದಿ ಒತ್ತುತ್ತಾರೆ. ಕಡ್ಡಿ, ಸೊಪ್ಪುಗಳ ಇಂಗಾಲವನ್ನು ಹೀರಿಕೊಂಡ ಕಬ್ಬಿಣ ಕರಗಿ, ನಿಧಾನವಾಗಿ ಆರಿ, ಸಣ್ಣ ಗಟ್ಟಿಯಾಗಿ ಕೂರುತ್ತದೆ. ಅದರಲ್ಲಿ ಇಂಗಾಲ ಶೇ. 1.5ರ ಆಸುಪಾಸು, ಈಗಿನ ಕಟ್ಟಡದ ಕಂಬಿಯಲ್ಲಿರುವುದಕ್ಕಿಂತ ಹಲವು ಪಟ್ಟು. ಟೀಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರಕಾರದ ಆಣತಿಯಂತೆ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಮಾಗಡಿಯ ಕಡೆ, ಚೆನ್ನರಾಯನದುರ್ಗದ ಕಡೆ ಈ ಕೆಲಸವನ್ನು ಕಂಡು ಬರೆದಿದ್ದಾನೆ. ಗೆದ್ದವರ ಗುಮಾಸ್ತನ ಕಣ್ಣು ಅವನದು, ನಿಜ. ಆದರೂ ಇದ್ದಿಲು ಸುಡುವವನು ಯಾರು, ತಿದಿ ಒತ್ತುವವನು ಯಾರು, ಯಾರಿಗೆ ಎಷ್ಟು ಪಾಲು ಎಂದು ಆತ ಕೇಳಿ ಬರೆದುಕೊಂಡ. ಈ ವಿಷಯದಲ್ಲಿ ಸ್ಕಾಟ್, ಶರರ್, ಹಿಜಾಜಿ ಮೂವರಿಗಿಂತ ಬುಕನನ್ ನಮಗೆ ಹೆಚ್ಚು ಉಪಕಾರಿ. ಆತನೇ ಬರೆದ ಇನ್ನೊಂದು ವಿವರವೂ ನಮ್ಮವರಿಗೆ ಗೊತ್ತಿರಬೇಕು: ಚನ್ನಪಟ್ಟಣದಲ್ಲಿ ಇದೇ ಉಕ್ಕಿನಿಂದ ವಾದ್ಯಗಳಿಗೆ ತಂತಿ ಎಳೆಯುತ್ತಿದ್ದರು, ಆ ತಂತಿಗೆ ದೂರದೂರದಿಂದ ಬೇಡಿಕೆಯಿತ್ತು. ಈಗ ಚನ್ನಪಟ್ಟಣ ಎಂದರೆ ಮರದ ಬೊಂಬೆ ಮಾತ್ರ. ಒಂದೇ ಉಕ್ಕಿನ ಒಂದು ತುಂಡು ಶಂಶೀರ್ ಆಯಿತು, ಇನ್ನೊಂದು ವೀಣೆಯ ತಂತಿಯಾಯಿತು. ಕಾದಂಬರಿಗಳು ಹಿಂದೆ ಬಿದ್ದದ್ದು ಮೊದಲನೆಯದರ ಮಾತ್ರ.

ತೆಲಂಗಾಣದ ಕೋನಸಮುದ್ರಂ ಎಂಬ ಹಳ್ಳಿಯಲ್ಲಿ 19ನೇ ಶತಮಾನದಲ್ಲೂ ಇಸ್ಫಹಾನಿನ ವ್ಯಾಪಾರಿ ಬಂದು ಕೂತು, ತೂಕ ನೋಡಿ, ಪರೀಕ್ಷಿಸಿ ಗಟ್ಟಿಗಳನ್ನು ಕೊಳ್ಳುತ್ತಿದ್ದನೆಂಬ ವರದಿಯಿದೆ. ಈ ಕೊಡುಕೊಳೆಯ ಚಿತ್ರ ನಮಗೆ ಯಾವ ಕಾದಂಬರಿಯ ದೃಶ್ಯಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ಕರಗಿಸಿದವರು ದಖ್ಖನ್ನಿನ ಹಳ್ಳಿಯವರು. ಬಡಿದು ಕತ್ತಿ ಮಾಡಿದವರು ಇಸ್ಫಹಾನಿನ, ಲಾಹೋರಿನ ಉಸ್ತಾದರು. ಎರಡನೆಯ ಕೆಲಸವೂ ಹಗುರದ್ದಲ್ಲ. ಈ ಉಕ್ಕನ್ನು ಬಿಳಿಗಾವಿಗೆ ಏರಿಸಿದರೆ ಸುತ್ತಿಗೆಯಡಿ ಪುಡಿಯಾಗುತ್ತದೆ. ಯುರೋಪಿನ ಕಮ್ಮಾರರು ತಮ್ಮ ರೂಢಿಯಂತೆ ಬಿಸಿ ಮಾಡಿ ಕೆಡಿಸಿಕೊಂಡದ್ದು ಹೀಗೆಯೇ. ಕೆಂಪು ಕಾವಿನಲ್ಲೇ ತಡೆದು, ಮತ್ತೆ ಮತ್ತೆ ಕಾಯಿಸಿ, ಸಣ್ಣ ಏಟುಗಳಲ್ಲಿ ಹಿಗ್ಗಿಸಬೇಕು. ಕತ್ತಿಗೆ ಅಡ್ಡಲಾಗಿ ಗೀರು ಕೊರೆದು ಮತ್ತೆ ಚಪ್ಪಟೆ ಬಡಿದರೆ ಏಣಿಯ ಮೆಟ್ಟಿಲುಗಳಂಥ ಗೆರೆ ಮೂಡುತ್ತದೆ. ಕುಶಲಿಗಳು ಅದನ್ನು 'ಕಿರ್ಕ್ ನರ್ದುಬಾನ್' ಎಂದರು, ನಲವತ್ತು ಮೆಟ್ಟಿಲು. ಯುರೋಪಿನ ಸಂಗ್ರಹಕಾರರು ಅದಕ್ಕೆ 'ಮುಹಮ್ಮದನ ಏಣಿ' ಎಂದು ಹೆಸರಿಟ್ಟರು. ಕಾರ್ಖಾನೆಯ ಪದ ಹೋಗಿ ಧರ್ಮದ ಪದ ಬಂತು! ಹೆಸರಿಡುವ ಯಜಮಾನಿಕೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಚಿಕ್ಕ ಉದಾಹರಣೆ ಸಿಗದು. ಕೊನೆಗೆ ಉಜ್ಜಿ ನುಣುಪಾಗಿಸಿ ಅನ್ನಭೇದಿಯಂಥ ಲವಣದ ನೀರನ್ನು ಸವರಿದಾಗಲೇ ಜೌಹರ್ ಕಣ್ಣಿಗೆ ಬೀಳುವುದು.

ಈ ಉಜ್ಜುವ ಕೆಲಸಕ್ಕೆ ಅರಬಿಯಲ್ಲಿ 'ಸೈಖಲ್' ಎಂದು ಹೆಸರು. ಅದನ್ನು ಮಾಡುವವನು ಸೈಖಲ್‌ಗರ್. ಉತ್ತರ ಕರ್ನಾಟಕದ ಊರುಗಳಲ್ಲಿರುವ ನಮ್ಮ ಶಿಕಲಗಾರರು ಇವರೇ. ಸಿಖ್ಖರಲ್ಲಿ ಸಿಕ್ಲೀಗರರಿದ್ದಾರೆ, ಹಿಂದೂಗಳಲ್ಲೂ ಇದ್ದಾರೆ. ಕಸುಬು ಒಂದೇ, ದೇವರು ಬೇರೆ. ಕತ್ತಿ ಹೋದ ಮೇಲೆ ಕುಡುಗೋಲು, ಕತ್ತರಿ, ಈಳಿಗೆಮಣೆ ಸಾಣೆ ಹಿಡಿಯುತ್ತಾ ಬೀದಿ ಸುತ್ತಿದರು. ಸಾಣೆಚಕ್ರವನ್ನು ಸೈಕಲ್ಲಿಗೇ ಕಟ್ಟಿಕೊಂಡು ಬರುವ ಸೈಖಲ್‌ಗರನನ್ನು ಕಂಡಾಗ ಎರಡು ಭಾಷೆಗಳು ಒಂದು ಗಾಲಿಯ ಮೇಲೆ ತಿರುಗುವಂತೆ ಅನಿಸುತ್ತದೆ. ಟೀಪುವಿನ ಶಯನಗೃಹದ ಕತ್ತಿ 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೊನ್‌ಹ್ಯಾಮ್ಸ್ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾದಾಗ ನಮ್ಮ ಪತ್ರಿಕೆಗಳು ಪುಟ ತುಂಬ ಬರೆದವು. ಭಾರತಕ್ಕೆ ಬಂದಿದ್ದ ಜರ್ಮನ್ ಅಲಗುಗಳ ಮಾದರಿಯಲ್ಲಿ ಮೊಗಲ್ ಕುಶಲಿಗಳು ಅದನ್ನು ಮಾಡಿದ್ದರು ಎಂಬುದು ಹರಾಜಿನವರೇ ಕೊಟ್ಟ ವಿವರಣೆ. ಆ ಸಾಲಿನ ಬಗ್ಗೆ ಚರ್ಚೆ ನಡೆದದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ. ಟೀಪುವನ್ನು ಹೊಗಳುವವರಿಗೂ ತೆಗಳುವವರಿಗೂ ಅದು ಉಪಯೋಗಕ್ಕೆ ಬಾರದ ಸಾಲು.

ಉಕ್ಕಿನ ಗುಟ್ಟು ಬಿಡಿಸಲು ಯುರೋಪು ಪಟ್ಟ ಪಾಡು ತುಸು ತಮಾಷೆಯದು, ತುಸು ಗೌರವ ಹುಟ್ಟಿಸುವಂಥದು. ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆ, ವಿದ್ಯುತ್ತಿಗೆ ಕೈ ಹಾಕುವ ಮೊದಲು, 1819ರ ಹೊತ್ತಿಗೆ ವೂಟ್ಜನ್ನು ಪರೀಕ್ಷಿಸಿದ. ಚಾಕು ಕತ್ತರಿ ಮಾಡುವ ಜೇಮ್ಸ್ ಸ್ಟೋಡಾರ್ಟ್ ಅವನ ಜೊತೆಗಾರ. ಗೆರೆಗೆ ಕಾರಣ ಅಲ್ಯುಮಿನಿಯಂ ಎಂದು ಅವರು ತಪ್ಪಾಗಿ ತಿಳಿದರು. ಪ್ಯಾರಿಸ್ಸಿನ ಬ್ರೆಯಾನ್ ಕೆಲವೇ ವರ್ಷಗಳಲ್ಲಿ ಇಂಗಾಲದ ಕಡೆಗೆ ಸರಿಯಾಗಿ ಬೆರಳು ತೋರಿಸಿದ. ರಷ್ಯಾದ ಝ್ಲಾತಾಉಸ್ತ್‌ನಲ್ಲಿ ಅನೋಸೊವ್ ವರ್ಷಗಟ್ಟಲೆ ಮೂಸೆ ಕರಗಿಸಿ 1841ರಲ್ಲಿ ತನ್ನ ಅನುಭವ ಪ್ರಕಟಿಸಿದ. ಆದರೆ ಒಗಟು ಬಹುಮಟ್ಟಿಗೆ ಬಿಡಿಸಿಕೊಂಡದ್ದು 1990ರ ದಶಕದಲ್ಲಿ, ಅಮೆರಿಕದ ಲೋಹಶಾಸ್ತ್ರದ ಪ್ರಾಧ್ಯಾಪಕ ಜಾನ್ ವರ್‌ಹೋವನ್ ಮತ್ತು ಫ್ಲಾರಿಡಾದ ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಜೊತೆಗೂಡಿದಾಗ. ಬರ್ನ್ ನಗರದ ಮ್ಯೂಸಿಯಂನ ಹಳೆಯ ಅಲಗುಗಳ ತುಂಡುಗಳನ್ನು ಅವರು ಪರೀಕ್ಷಿಸಿದರು. ಅದಿರಿನೊಂದಿಗೆ ಬಂದ ವೆನೇಡಿಯಂನಂಥ ಲೋಹದ ಅತ್ಯಲ್ಪ ಅಂಶ ಉಕ್ಕು ಆರುವಾಗ ಸಾಲುಗಟ್ಟಿ ನಿಲ್ಲುತ್ತದೆ. ಮತ್ತೆ ಮತ್ತೆ ಕಾಯಿಸಿ ಬಡಿಯುವಾಗ ಕಾರ್ಬೈಡಿನ ಕಣಗಳು ಆ ಸಾಲು ಹಿಡಿದು ಸೇರುತ್ತವೆ. ಆ ಸಾಲುಗಳೇ ಜೌಹರ್. ಅಂಥ ಅದಿರು ಸಿಗದಾದಾಗ ಮಾಡುವ ಕೈ ಅದೇ ಇದ್ದರೂ ಗೆರೆ ಮೂಡುವುದು ನಿಂತಿರಬೇಕು ಎಂಬುದು ಅವರ ತರ್ಕ. ಇದನ್ನು ಓದುವಾಗ ನಮ್ಮನ್ನು ತಟ್ಟಿದ್ದು 1998ರ ಅವರ ಲೇಖನದ ಶೀರ್ಷಿಕೆಯಡಿ ಪ್ರಾಧ್ಯಾಪಕನ ಪಕ್ಕದಲ್ಲೇ ಕಮ್ಮಾರನ ಹೆಸರೂ ಲೇಖಕನೆಂದು ಅಚ್ಚಾಗಿರುವುದು.

2006ರಲ್ಲಿ ಡ್ರೆಸ್ಡೆನ್ನಿನ ವಿಜ್ಞಾನಿಗಳು 17ನೇ ಶತಮಾನದ ಅಲಗೊಂದರಲ್ಲಿ ಇಂಗಾಲದ ನ್ಯಾನೋ ಕೊಳವೆಗಳನ್ನು ಕಂಡೆವೆಂದು 'ನೇಚರ್' ಪತ್ರಿಕೆಯಲ್ಲಿ ಬರೆದರು. ಅದಾದದ್ದೇ ತಡ, 'ನಮ್ಮ ಪೂರ್ವಜರಿಗೆ ನ್ಯಾನೋ ತಂತ್ರಜ್ಞಾನ ಗೊತ್ತಿತ್ತು' ಎಂಬ ಘೋಷಣೆ ಎದ್ದಿತು. ಒಂದು ಕಡೆಯವರು ಪೂರ್ವಜರೆಂದರೆ ವೇದಕಾಲದವರು ಎಂದರು. ಇನ್ನೊಂದು ಕಡೆಯವರು ಮುಸ್ಲಿಂ ಸುವರ್ಣಯುಗದವರು ಎಂದರು. ತಿದಿ ಒತ್ತಿದವನಿಗೆ ಗೊತ್ತಿದ್ದುದು ಕಾವಿನ ಬಣ್ಣ, ಸೊಪ್ಪಿನ ಅಳತೆ, ಮೂಸೆ ಅಲುಗಾಡಿಸಿದಾಗಿನ ಸದ್ದು. ಅದು ಸಣ್ಣ ಜ್ಞಾನವಲ್ಲ. ಅದಕ್ಕೆ ನ್ಯಾನೋ ಎಂಬ ಬಿರುದು ತೊಡಿಸುವವರು ಕುಲುಮೆಯ ಜ್ಞಾನಕ್ಕೆ ತನ್ನದೇ ಘನತೆಯಿದೆ ಎಂದು ನಂಬುವುದಿಲ್ಲ. ಇನ್ನು 'ಎಲ್ಲವೂ ಭಾರತದಿಂದಲೇ ಹೋಯಿತು' ಎಂಬ ವಾದವೂ ನಿಲ್ಲುವುದಿಲ್ಲ. ಮಧ್ಯ ಏಷ್ಯಾದ ಮರ್ವ್‌ನಲ್ಲಿ 9-10ನೇ ಶತಮಾನದ ಮೂಸೆ ಉಕ್ಕಿನ ಕಾರ್ಖಾನೆ ಅಗೆತದಲ್ಲಿ ಸಿಕ್ಕಿದೆ; ಇರಾನಿನ ಚಾಹಕ್‌ನಲ್ಲಿ ಕ್ರೋಮಿಯಂ ಬೆರೆಸಿ ಮೂಸೆ ಉಕ್ಕು ಮಾಡುತ್ತಿದ್ದುದನ್ನು 2020ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಕುಲುಮೆಗಳು ಹಲವು, ಮಾತಾಡಿದ ಭಾಷೆಗಳು ಹಲವು. ಮುಸ್ಲಿಂ ಕಮ್ಮಾರರು ಕಬ್ಬಿಣ ಮೆದುವಾಗಿಸಿದ ಹಜ್ರತ್ ದಾವೂದರನ್ನು ನೆನೆದು ಸುತ್ತಿಗೆ ಎತ್ತಿದರು, ನಮ್ಮ ಕಮ್ಮಾರರು ವಿಶ್ವಕರ್ಮನನ್ನು. ಇನ್ನು, ಕಾದ ಕತ್ತಿಯನ್ನು ಗುಲಾಮನ ಮೈಗೆ ಚುಚ್ಚಿ ಹದ ಹಾಕುತ್ತಿದ್ದರೆಂಬ ಹಳೆಯ ಪುಕಾರು. ಅದನ್ನು ಇಂದಿಗೂ ನಾಲಿಗೆ ಚಪ್ಪರಿಸಿ ಹೇಳುವವರಿದ್ದಾರೆ. ಪೂರ್ವದ ಕ್ರೌರ್ಯದ ಬಗ್ಗೆ ಮೊದಲೇ ತೀರ್ಮಾನಿಸಿಕೊಂಡವರಿಗೆ ಮಾತ್ರ ಅದು ನಂಬಲು ಯೋಗ್ಯ.

ಇನ್ನು ಇಂದಿನ 'ಡಮಾಸ್ಕಸ್ ಚಾಕು'. 1973ರಲ್ಲಿ ಅಮೆರಿಕದ ಕಮ್ಮಾರ ಬಿಲ್ ಮೋರಾನ್ ಚಾಕು ತಯಾರಕರ ಪ್ರದರ್ಶನವೊಂದರಲ್ಲಿ ಗೆರೆಗೆರೆಯ ಅಲಗುಗಳನ್ನಿಟ್ಟ. ಅಲ್ಲಿಂದ ಈ ಹೆಸರು ಮತ್ತೆ ಪೇಟೆಗೆ ಬಂತು. ಇದು ಮೂಸೆ ಉಕ್ಕಲ್ಲ, ಬೆಸೆದ ಉಕ್ಕು. ಇಂಗಾಲ ಹೆಚ್ಚಿರುವ ಉಕ್ಕಿನ ಪಟ್ಟಿಗಳನ್ನೂ ಸುಮಾರು ಶೇ. 2 ನಿಕಲ್ ಬೆರೆತ ಉಕ್ಕಿನ ಪಟ್ಟಿಗಳನ್ನೂ ಒಂದರ ಮೇಲೊಂದು ಜೋಡಿಸುತ್ತಾರೆ. ಸುಮಾರು 1200 ಡಿಗ್ರಿಗೆ ಕಾಯಿಸಿ, ಕಿಟ್ಟ ಕಟ್ಟದಂತೆ ಬಿಳಿಗಾರ ಉದುರಿಸಿ, ಸುತ್ತಿಗೆಯಲ್ಲೋ ಒತ್ತುವ ಯಂತ್ರದಲ್ಲೋ ಒಂದಾಗಿಸುತ್ತಾರೆ. ಹಿಗ್ಗಿಸಿ, ಕಡಿದು, ಮತ್ತೆ ಪೇರಿಸುತ್ತಾರೆ. ಏಳು ಪಟ್ಟಿಯಿಂದ ಶುರುಮಾಡಿ ಆರು ಸಲ ಇಮ್ಮಡಿಸಿದರೆ 448 ಪದರ. ಸರಳನ್ನು ತಿರುಚಿದರೆ ಒಂದು ಚಿತ್ತಾರ, ಕುಳಿ ಕೊರೆದು ಚಪ್ಪಟೆ ಬಡಿದರೆ ಮಳೆಹನಿಯ ಚಿತ್ತಾರ. ಕಡೆಗೆ ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದಾಗ ನಿಕಲ್ ಇರುವ ಪದರ ಬೆಳ್ಳಗೆ ಉಳಿದು, ಉಳಿದದ್ದು ಕಪ್ಪಾಗುತ್ತದೆ. ಎಲ್ಲೋ ಒಂದು ಕಡೆ ಬೆಸುಗೆ ಕೂಡದೆ ಕಿಟ್ಟ ಸಿಕ್ಕಿಕೊಂಡರೆ ಇಡೀ ದಿನದ ಕೆಲಸ ಹಾಳು. ಅಮೆರಿಕದ ಅಲಗು ಕಮ್ಮಾರರ ಸಂಘದಲ್ಲಿ 'ಮಾಸ್ಟರ್' ಎನಿಸಿಕೊಳ್ಳಬೇಕಾದರೆ ಕನಿಷ್ಠ 300 ಪದರದ ಚಾಕು ಮಾಡಿ, ಅದರಿಂದ ತೂಗುಬಿಟ್ಟ ಹಗ್ಗ ಕಡಿದು, ಮರದ ತೊಲೆ ಕಡಿದು, ಅದೇ ಬಾಯಿಂದ ತೋಳಿನ ರೋಮ ಬೋಳಿಸಿ, ಕೊನೆಗೆ ಅಲಗನ್ನು ತೊಂಬತ್ತು ಡಿಗ್ರಿ ಬಗ್ಗಿಸಿ ತೋರಿಸಬೇಕು. ಸ್ಕಾಟ್‌ನ ಡೇರೆಗಿಂತ ಇದು ನಮಗೆ ಮೆಚ್ಚುಗೆಯಾಗುವ ಪರೀಕ್ಷೆ, ಯಾಕೆಂದರೆ ಇಲ್ಲಿ ಮಾಡಿದವನೇ ಕಡಿದು ತೋರಿಸುತ್ತಾನೆ.

ಇಂಥ ಚಾಕುವನ್ನು 'ನಕಲಿ' ಎನ್ನುವ ಶುದ್ಧವಾದಿಗಳೊಂದಿಗೆ ನಮಗೆ ಸಹಮತವಿಲ್ಲ. ಅದು ಪೂರ್ಣ ಪ್ರಮಾಣದ ಕೈಕಸುಬು. ಹೆಸರು ಮಾತ್ರ ತಪ್ಪು. ಕಿಂದಿಯ ಮುಂದೆ ಇದನ್ನಿಟ್ಟಿದ್ದರೆ ಆತ ಬೆಳಕಿಗೆ ತಿರುಗಿಸಿ ನೋಡಿ, ಬೆಸೆದ ಕಬ್ಬಿಣ, ಫ್ರಾಂಕರ ಬಗೆಗೆ ಹತ್ತಿರದ್ದು ಎಂದು ಬದಿಗಿಡುತ್ತಿದ್ದ. ನಿಜವಾದ ಮೋಸ ಬೇರೆ ಕಡೆ ಇದೆ. ಸಾದಾ ಉಕ್ಕಿನ ಮೇಲೆ ಲೇಸರಿನಿಂದ ಗೆರೆ ಎಳೆದು ಅಡಿಗೆಮನೆಯ ಚಾಕುವನ್ನು ಡಮಾಸ್ಕಸ್ ಎಂದು ಮಾರುತ್ತಾರೆ. ನಾಲ್ಕು ಸಲ ಸಾಣೆ ಹಿಡಿದರೆ ಜೌಹರ್ ಮಾಯ. ಇನ್ನು ಪಾಕಿಸ್ತಾನದ ವಜೀರಾಬಾದ್ ಪಟ್ಟಣ. ಪಶ್ಚಿಮದ ಪೇಟೆಗಳಲ್ಲಿ ಸಿಗುವ ಅಗ್ಗದ ಡಮಾಸ್ಕಸ್ ಚಾಕುಗಳಲ್ಲಿ ಬಹಳಷ್ಟು ಅಲ್ಲಿನ ಕುಲುಮೆಗಳಿಂದ ಹೋಗುತ್ತವೆ. ಅಮೆರಿಕದ ಉಸ್ತಾದ ಅಲಗಿನ ಮೇಲೆ ತನ್ನ ಹೆಸರು ಒತ್ತುತ್ತಾನೆ, ಅದಕ್ಕೆ ಬೆಲೆ ಬರುತ್ತದೆ. ವಜೀರಾಬಾದಿನ ಕುಶಲಿಯ ಚಾಕು ಕೊಂಡವನ ಅಂಗಡಿಯ ಮುದ್ರೆ ಹೊತ್ತು ಹೋಗುತ್ತದೆ. ಹೆಸರು ಉಳಿದ ಕಡೆಯೂ ನೆಮ್ಮದಿಯಿಲ್ಲ. ಇಸ್ಫಹಾನಿನ ಅಸದುಲ್ಲಾಹನ ಹೆಸರು ಕೆತ್ತಿದ ಅಲಗುಗಳು ಮ್ಯೂಸಿಯಂಗಳಲ್ಲಿ ಎಷ್ಟಿವೆಯೆಂದರೆ ಒಬ್ಬ ಮನುಷ್ಯ ಒಂದು ಆಯುಷ್ಯದಲ್ಲಿ ಅಷ್ಟನ್ನು ಮಾಡಲಾಗದು. ಹೆಸರೇ ಮುದ್ರೆಯಾಗಿ, ಬೇರೆಯವರ ಕೈಕೆಲಸಕ್ಕೆ ಬೆಲೆ ತರುವ ಸರಕಾಯಿತು.

ಇಷ್ಟೆಲ್ಲದರ ನಡುವೆ ಒಬ್ಬ ಕಮ್ಮಾರ ಮಾತ್ರ ಬೇರೆ ರೀತಿಯಲ್ಲಿ ಸಿಗುತ್ತಾನೆ. 11ನೇ ಶತಮಾನದಲ್ಲಿ ಅಲ್-ಬಿರೂನಿ ಖನಿಜಗಳ ಮೇಲೆ ಬರೆದ 'ಕಿತಾಬುಲ್ ಜಮಾಹಿರ್'ನಲ್ಲಿ ಉಕ್ಕಿನ ಅಧ್ಯಾಯವಿದೆ. ಅದರಲ್ಲಿ ಆತ ಡಮಾಸ್ಕಸ್‌ನ ಕಮ್ಮಾರ ಮಜ್ಯದ್ ಬಿನ್ ಅಲಿ ಎಂಬವನನ್ನು ಹೆಸರಿಸುತ್ತಾನೆ. ಈತ ಕತ್ತಿಗಳ ಮೇಲೆ ಪುಸ್ತಕ ಬರೆದಿದ್ದನಂತೆ. ಶುರುವಿನಲ್ಲೇ ಒಲೆ ಹೇಗೆ ಕಟ್ಟಬೇಕು, ಮೂಸೆಗೆ ಮಣ್ಣು ಹೇಗಿರಬೇಕು ಎಂದು ಹೇಳಿ, ಆಮೇಲೆ ಕತ್ತಿಗೆ ಬಂದಿದ್ದನಂತೆ. ಪುಸ್ತಕ ನಮಗೆ ದೊರೆತಿಲ್ಲ; ಬಿರೂನಿ ಎತ್ತಿಕೊಂಡ ಕೆಲವು ಸಾಲುಗಳ ಸಾರ ಮಾತ್ರ ಇದೆ. ಪ್ರತಿ ಮೂಸೆಗೆ ಐದು ರತಲ್ ಕುದುರೆಯ ಲಾಳ ಮತ್ತು ಲಾಳದ ಮೊಳೆಗಳು, ಮೆದು ಕಬ್ಬಿಣದವು. ಜೊತೆಗೆ ಹತ್ತು ಹತ್ತು ದಿರ್ಹಮ್ ತೂಕದ ಬೇರೆ ಮೂರು ಪದಾರ್ಥಗಳು. ರತಲ್ ಎಂದರೆ ನಮ್ಮ ಅಜ್ಜಿಯಂದಿರು ಬೆಲ್ಲ ತೂಗುತ್ತಿದ್ದ ರಾತಲು. ಸವೆದ ಲಾಳ, ಹಳೆಯ ಮೊಳೆ: ಡಮಾಸ್ಕಸ್‌ನ ಕಮ್ಮಾರ ಡಮಾಸ್ಕಸ್ ಉಕ್ಕಿನ ಬಗ್ಗೆ ಬರೆದದ್ದರಲ್ಲಿ ಬಿರೂನಿಯ ಮೂಲಕ ನಮಗೆ ಮುಟ್ಟಿದ ತೂಕದ ಲೆಕ್ಕ ಇಷ್ಟು.